‘ಅವರ್ನೇ ಕೇಳ್ರಿ’ ಎಂದ ಮಧ್ಯಾಹ್ನ

ನನಗೊಂದು ಕೆಟ್ಟ ಚಾಳಿ. ಏನಾದರೂ ಕೆಟ್ಟರೆ ಮೊದಲು ಬಾಯಿಗೆ ಬರುವುದು ‘ನಂದಲ್ಲ’. ದಾವಣಗೆರೆಯಲ್ಲಿ ವೆಬ್‌ಸೈಟ್ ಮಾಡಿಕೊಡುವ ಪುಟ್ಟ ಅಂಗಡಿ ಇಟ್ಟ ಮೇಲೆ ಅದು ಇನ್ನೂ ಹೆಚ್ಚಾಯಿತು. ಈ ಕೆಲಸದಲ್ಲಿ ತಪ್ಪು ಹೊರಿಸಲು ಸರ್ವರ್ ಎಂಬುದೊಂದು ಯಾವಾಗಲೂ ಸಿಗುತ್ತದೆ.

ಹರಿಹರದಲ್ಲಿ ಲೇತ್ ವರ್ಕ್‌ಶಾಪ್ ನಡೆಸುವ ಚಾಚಾ ಅಪ್ಪನ ಜೊತೆ ಕೆಲಸ ಕಲಿತವರು. ಅಂದು ಬೆಳಿಗ್ಗೆ ಅವರ ಸೈಟನ್ನು ಹೊಸ ಹೋಸ್ಟಿಂಗ್‌ಗೆ ಸಾಗಿಸಿದೆ. ಹೋಸ್ಟಿಂಗ್‌ನವರು ತಮ್ಮ ಸರ್ವರಿನ ವಿಳಾಸವಾದ ಐಪಿ ನಂಬರ್ ಕೊಡಲಿಲ್ಲ, ಬದಲಿಗೆ ತಮ್ಮದೊಂದು ಹೆಸರು ಕೊಟ್ಟರು. ಯಾವ ಹೆಸರು ಎಲ್ಲಿಗೆ ಹೋಗಬೇಕೆಂದು ಹೇಳುವ ಡಿಎನ್ಎಸ್ ಪಟ್ಟಿಯಲ್ಲಿ ಚಾಚಾರ ಡೊಮೇನಿನ ಮೂಲ ಹೆಸರಿನ, ಅಂದರೆ www ಇಲ್ಲದ ಬರಿ ಹೆಸರಿನ ಮುಂದೆ ಅದನ್ನೇ ಸಿ-ನೇಮ್ ಎಂದು ಬರೆದೆ. ಸೈಟ್ ತೆರೆದುಕೊಂಡಿತು. ಬೀಗುತ್ತ ಊಟಕ್ಕೆ ಹೋದೆ.

ಎರಡು ಗಂಟೆಗೆ ಚಾಚಾ ಫೋನ್. “ಬೇಟಿ, ಕಂಪನಿಯೋರು ಡ್ರಾಯಿಂಗ್ ಮೇಲ್ ಮಾಡೀವಿ ಅಂತಾರೆ, ನಮಗೆ ಬಂದಿಲ್ಲ. ಐದರೊಳಗೆ ರೇಟ್ ಹಾಕ್ಬೇಕು.” ತಿಂಗಳಿಂದ ಅವರ ಎರಡು ಲೇತ್ ಸುಮ್ಮನೆ ನಿಂತಿದ್ದವು. ಈ ಕೆಲಸ ಸಿಕ್ಕರೆ ಅವು ಮತ್ತೆ ತಿರುಗುತ್ತವೆ ಎಂದು ವಾರದಿಂದ ಹೇಳುತ್ತಿದ್ದರು.

“ಅವರ ಕಡೆ ಸರ್ವರ್ ತೊಂದ್ರೆ ಐತೆ ಚಾಚಾ. ಅವರ್ನೇ ಕೇಳ್ರಿ,” ಎಂದೆ. ನೋಡದೆಯೇ ಹೇಳಿದ್ದೆ.

ಆಮೇಲೆ ಪಟ್ಟಿ ತೆರೆದೆ. ತಪ್ಪು ನನ್ನದೇ. ಸಿ-ನೇಮ್ ಎಂದರೆ ‘ಈ ಹೆಸರಿನ ವಿಷಯ ಏನಿದ್ದರೂ ಆ ಹೆಸರಿನವರನ್ನು ಕೇಳಿ’ ಎಂದು ಕೈ ತೋರಿಸುವುದು. ಒಂದು ಹೆಸರಿಗೆ ಅದಿದ್ದರೆ ಜೊತೆಗೆ ಬೇರೆ ದಾಖಲೆ ಇರಬಾರದು. ಆದರೆ ಚಾಚಾರ ಮೇಲ್ ವಿಳಾಸವೂ ಅದೇ ಡೊಮೇನಿನದು; ಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆ ಇರುವುದೇ ಮೂಲ ಹೆಸರಿನಲ್ಲಿ. ಪಟ್ಟಿ ತಿದ್ದುವ ಪ್ಯಾನೆಲ್ ಒಳ್ಳೆಯದಾದರೆ ಹೀಗೆ ಬರೆಯಲು ಬಿಡುವುದಿಲ್ಲ. ನಮ್ಮ ಹಳೆಯದು ಬಿಟ್ಟಿತ್ತು. ಕಂಪನಿಯ ಮೇಲ್ ಹೋಸ್ಟಿಂಗ್‌ನವರ ಬಾಗಿಲು ತಟ್ಟಿ ವಾಪಸಾಗುತ್ತಿತ್ತು.

ಸಿ-ನೇಮ್ ಅಳಿಸಿ ಸ್ಕೂಟಿ ಹತ್ತಿದೆ. ಸೈಟ್ ಬಿದ್ದರೆ ಬೀಳಲಿ, ಮೇಲ್ ಬರಬೇಕು. ಬೇರೆ ಸರ್ವರ್‌ಗಳು ನೆನಪಿಟ್ಟುಕೊಂಡ ಹಳೆಯ ಉತ್ತರ ಅಳಿಯಲು ಒಂದು ಗಂಟೆಯಾದರೂ ಬೇಕಿತ್ತು.

ವರ್ಕ್‌ಶಾಪಿನಲ್ಲಿ ಚಾಚಾ ಫೋನಿನಲ್ಲಿ ಜೋರು ಮಾಡುತ್ತಿದ್ದರು. “ನಿಮ್ಮ ಸರ್ವರ್ರೇ ಸರಿ ಇಲ್ರಿ ಸಾಹೇಬ್ರೆ. ನಮ್ಮ ಹುಡುಗಿ ನೋಡ್ಯಾಳೆ. ಓದಿದಾಕಿ, ಸುಳ್ಳು ಹೇಳಲ್ಲ.” ಆ ಕಡೆ ಕಂಪನಿಯ ಅಧಿಕಾರಿಯ ಸಿಟ್ಟಿನ ದನಿ ನನಗೂ ಕೇಳುತ್ತಿತ್ತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಭಯವಾಯಿತು. ಫೋನ್ ಇಸಿದುಕೊಂಡೆ. “ಸರ್, ತಪ್ಪು ನಂದು. ಮೂರೂವರೆ ಮೇಲೆ ಇನ್ನೊಂದ್ಸಲ ಕಳಿಸ್ತೀರಾ?” ಅವರು ಫೋನ್ ಕಟ್ ಮಾಡಿದರು.

ಚಾಚಾ ನನ್ನ ಮುಖ ನೋಡಲಿಲ್ಲ, ಗಡಿಯಾರ ನೋಡಿದರು. ಮೂರೂವರೆ ದಾಟಿತು, ನಾಲ್ಕೂ ಆಯಿತು. ನಾಲ್ಕೂ ಹತ್ತಕ್ಕೆ ಡ್ರಾಯಿಂಗ್ ಬಂತು. ಐದಕ್ಕೆ ಐದು ನಿಮಿಷವಿರುವಾಗ ರೇಟ್ ಹೋಯಿತು. ಆಗ ಚಾಚಾ ಮೆಲ್ಲಗೆ ಅಂದರು: “ಇನ್ ಮ್ಯಾಲೆ ಅವರ್ನ ಕೇಳ್ರಿ ಅನ್‌ಬ್ಯಾಡ ಬೇಟಿ. ನೀನೇ ಕೇಳ್ಕೊಂಡು ಬಂದು ನಂಗೆ ಹೇಳು.”

ಈ ತೊಂದರೆಗೊಂದು ಮದ್ದಿದೆ, ಸಿ-ನೇಮ್ ಫ್ಲಾಟನಿಂಗ್; ಅದೂ ಚಾಚಾ ಹೇಳಿದಷ್ಟೇ. ಡಿಎನ್ಎಸ್ ಸರ್ವರ್ ಕೈ ತೋರಿಸದೆ, ಆ ಇನ್ನೊಂದು ಹೆಸರಿನ ಐಪಿ ನಂಬರನ್ನು ತಾನೇ ಕೇಳಿಕೊಂಡು ಬಂದು ತನ್ನ ಉತ್ತರವಾಗಿ ಕೊಡುತ್ತದೆ. ಹೊರಗಿನವರಿಗೆ ಸಿ-ನೇಮ್ ಕಾಣುವುದಿಲ್ಲ, ಎಂಎಕ್ಸ್ ತನ್ನ ಪಾಡಿಗೆ ಉಳಿಯುತ್ತದೆ. ಮರುದಿನ ಆ ಸೌಲಭ್ಯವಿರುವ ಡಿಎನ್ಎಸ್ ಸೇವೆಯಲ್ಲಿ ಖಾತೆ ತೆರೆದೆ. ಎಂಎಕ್ಸ್ ಮೊದಲುಗೊಂಡು ಹಳೆಯ ದಾಖಲೆಗಳನ್ನೆಲ್ಲ ನಕಲು ಮಾಡಿ, ಮೂಲ ಹೆಸರಿಗೆ ಸಿ-ನೇಮ್ ಬರೆದೆ. ಅಲ್ಲಿ ಮೂಲ ಹೆಸರಿಗೆ ಫ್ಲಾಟನಿಂಗ್ ತಾನಾಗಿಯೇ ಆನ್ ಇರುತ್ತದೆ. ಕೆಲವು ಕಡೆ ಸೆಟ್ಟಿಂಗಿನಲ್ಲಿ ಆನ್ ಮಾಡಬೇಕು, ಇನ್ನು ಕೆಲವು ಕಡೆ ಸಿ-ನೇಮ್ ಬದಲು ಅಲಿಯಾಸ್ ಎಂಬ ದಾಖಲೆ ಬರೆಯಬೇಕು. ಕೊನೆಗೆ, ಡೊಮೇನ್ ಕೊಂಡ ಕಡೆ ಹಳೆಯ ನೇಮ್‌ಸರ್ವರ್ ತೆಗೆದು ಈ ಹೊಸ ಸೇವೆಯದನ್ನು ಹಾಕಿದೆ. ಸೈಟೂ ತೆರೆಯಿತು, ಮೇಲೂ ಬಂತು.

ಆ ಕೆಲಸ ಮಾತ್ರ ಬೇರೆಯವರ ಪಾಲಾಯಿತು. ಮುಂದಿನ ವಾರ ಚಾಚಾ ನಮ್ಮ ಮನೆಗೆ ಬಂದಾಗ, ಯಾಕೆ ಸಿಗಲಿಲ್ಲ ಎಂದು ಅಪ್ಪ ಕೇಳಿದ. “ನಾನೇ ಸಾಹೇಬ್ರ ಮ್ಯಾಲೆ ರೇಗಿಬಿಟ್ಟೆ,” ಅಂದರು ಚಾಚಾ. ಪಕ್ಕದಲ್ಲೇ ಕೂತಿದ್ದ ನನ್ನ ಕಡೆ ಕೈ ತೋರಿಸಲಿಲ್ಲ.