ನಲವತ್ತೊಂದು ಚುಕ್ಕೆಗಳ ವಿಳಾಸ

ಅಂಕಿ-ಅಂಶಗಳನ್ನು ಜನಸಾಮಾನ್ಯರ ಕಣ್ಣಿಗೆ ಕಟ್ಟುವಂತೆ ಚಿತ್ರಿಸುವ ಪತ್ರಿಕಾವೃತ್ತಿಯಲ್ಲಿ, ಕಚೇರಿಯವರೆಲ್ಲ ‘ನಕ್ಷೆಯಕ್ಕ’ ಎಂದು ಕರೆಯುವ ಹಿರಿಯರದು ಮುಂಚೂಣಿಯ ಸ್ಥಾನ. ಮೂವತ್ತೊಂದು ವರ್ಷಗಳ ಹಿಂದೆ ಹವಾಮಾನದ ಪಟ್ಟಿ ಬರೆಯಲು ಸೇರಿದ ಅವರು ನಿವೃತ್ತರಾಗುತ್ತಿರುವುದು, ಗುಂಡೇಟಿನ ಸಾವುಗಳ ನಕ್ಷೆಯನ್ನು ನಾಡಿಗೆ ಕೊಟ್ಟವರೆಂಬ ಗೌರವದೊಂದಿಗೆ. ಅದರ ಪ್ರತಿ ಚುಕ್ಕೆಯೂ ಒಂದು ಸಾವು. ಬೆರಳಿಟ್ಟರೆ ವರ್ಷ, ವಯಸ್ಸು, ಕಾರಣ ತೆರೆದುಕೊಳ್ಳುತ್ತವೆ.

ನಕ್ಷೆ ಪ್ರಕಟವಾದ ಮೂರನೆಯ ದಿನ ಕ್ಷೌರದಂಗಡಿಯವರೊಬ್ಬರು ಫೋನು ಹಿಡಿದು ಅವರ ಮೇಜಿನೆದುರು ನಿಂತರು.

“ಅಮ್ಮಾ, ನನ್ನ ಅಂಗಡಿ ಬಾಗಿಲಲ್ಲೇ ನಲವತ್ತೊಂದು ಜನ ಸತ್ತಿದ್ದಾರೆ ಅಂತ ತೋರಿಸ್ತಿದೆ. ಇಪ್ಪತ್ತು ವರ್ಷದಿಂದ ಅಲ್ಲೇ ಕತ್ತರಿ ಹಿಡಿದು ನಿಂತಿದ್ದೀನಿ. ಟೈರು ಒಡೆದ ಸದ್ದು ಬಿಟ್ಟು ಬೇರೇನೂ ಕೇಳಿಲ್ಲ.”

ವಿಳಾಸ ಅಪೂರ್ಣವಾಗಿದ್ದ ಸಾವುಗಳನ್ನೆಲ್ಲ ಕಂಪ್ಯೂಟರು ಆ ಅಂಗಡಿಯಿರುವ, ಊರ ನಡುವಿನ ವೃತ್ತಕ್ಕೆ ತಂದು ಸುರಿದಿತ್ತು. ಹಾಗೆ ಮಾಡೆಂದು ಅದಕ್ಕೆ ಸೂಚನೆ ಬರೆದವನು, ಆಗ ಅವರ ಕೈಕೆಳಗೆ ಕೆಲಸಕ್ಕಿದ್ದ ಈ ಲೇಖಕನೇ.

“ಕೆಳಗೊಂದು ಟಿಪ್ಪಣಿ ಹಾಕಿ ಸಾಕು. ದಿನಕ್ಕೆ ಲಕ್ಷ ಜನ ನೋಡ್ತಿದ್ದಾರೆ,” ಎಂದರು ಸಂಪಾದಕರು.

“ಲಕ್ಷ ಜನ ತಪ್ಪು ನೋಡ್ತಿದ್ದಾರೆ, ಸರ್,” ಎಂದ ನಕ್ಷೆಯಕ್ಕ ಅಂದೇ ನಕ್ಷೆಯನ್ನು ಹಿಂತೆಗೆದರು. ಮರುದಿನದ ಕ್ಷಮಾಪಣೆಯ ಕೆಳಗೆ ಇದ್ದದ್ದು ಅವರೊಬ್ಬರದೇ ಸಹಿ. ತಲೆ ತಗ್ಗಿಸಿ ನಿಂತ ಲೇಖಕನಿಗೆ, “ಪರೀಕ್ಷಿಸಬೇಕಾಗಿದ್ದವಳು ನಾನು. ನೀನು ಬೇಗ ಊಟ ಮುಗಿಸು, ಹೊರಗೆ ಹೋಗೋದಿದೆ,” ಎಂದಷ್ಟೇ ಹೇಳಿದರು.

ಏಳು ವಾರ ಆಸ್ಪತ್ರೆಯ ದಾಖಲೆ, ಠಾಣೆಯ ಕಡತಗಳನ್ನು ಹಿಡಿದು ಇಬ್ಬರೂ ಮನೆಮನೆ ಅಲೆದರು. ನಲವತ್ತೊಂದು ಮಂದಿಯಲ್ಲಿ ಮೂವತ್ತು ಮಂದಿ ಸತ್ತದ್ದು ಬೀದಿಯಲ್ಲಲ್ಲ, ಮನೆಯೊಳಗೆ, ತಮ್ಮ ಕೈಯಿಂದಲೇ ಎಂಬುದು ಹೊರಬಿದ್ದದ್ದು ಆಗ.

ಮಗಳನ್ನು ಹಾಗೆ ಕಳೆದುಕೊಂಡ ಬಸ್ ಚಾಲಕಿಯೊಬ್ಬರು ಬಾಗಿಲನ್ನು ಅರ್ಧವಷ್ಟೇ ತೆರೆದರು.

“ಮನೆ ಮೇಲೆ ಗುರುತು ಹಾಕಲ್ಲ, ಬಡಾವಣೆ ಮಾತ್ರ. ಅದೂ ಬೇಡ ಅಂದ್ರೆ ಬರೀ ಒಟ್ಟು ಸಂಖ್ಯೆಯಲ್ಲಿ ಸೇರಿಸ್ತೀನಿ,” ಎಂದರು ನಕ್ಷೆಯಕ್ಕ.

ಆ ತಾಯಿ ಬಾಗಿಲನ್ನು ಪೂರ್ತಿ ತೆರೆದರು. “ಹಾಕಿ,” ಎಂದರು. “ಬಂದೂಕನ್ನ ಬೀಗ ಇಲ್ಲದ ಕಪಾಟಲ್ಲಿ ಇಟ್ಟಿದ್ದು ನಾವು. ನೋಡಿದವರು ತಮ್ಮ ಮನೇಲಾದ್ರೂ ಬೀಗ ಹಾಕ್ಕೊಳ್ಳಲಿ.”



ತಿದ್ದಿದ ನಕ್ಷೆಯನ್ನು ಕಂಡು ಆಸ್ಪತ್ರೆಯವರು ಬಂದೂಕಿನ ಬೀಗಗಳನ್ನು ಉಚಿತವಾಗಿ ಹಂಚತೊಡಗಿದರು. ಮೊದಲ ತಿಂಗಳಲ್ಲೇ ಇನ್ನೂರು ಮನೆಗಳಿಗೆ ತಲುಪಿದವು. ಮೂರು ವರ್ಷಗಳಿಂದ ಆ ತಾಯಿಯ ಬಡಾವಣೆಯಲ್ಲಿ ಹೊಸ ಚುಕ್ಕೆ ಮೂಡಿಲ್ಲ.

ನಿವೃತ್ತಿಯ ನಂತರವೂ ವಾರಕ್ಕೆರಡು ದಿನ ಬಂದು ಹೊಸಬರಿಗೆ ಕೆಲಸ ಕಲಿಸಲು ಅವರು ಒಪ್ಪಿದ್ದಾರೆ. ಅವರಿಗೆ ದೀರ್ಘಾಯುಷ್ಯವೂ ಆರೋಗ್ಯವೂ ಇರಲಿ. ಊರೂರಿನ ನಕ್ಷೆಗಳು ಅವರ ಕೈಯಲ್ಲಿ ಇನ್ನೂ ಅರಳಲಿ. ಆದರೆ ಈ ಒಂದು ನಕ್ಷೆಯಲ್ಲಿ ಮಾತ್ರ ಅವರಿಗೆ ಮಾಡಲು ಕೆಲಸವೇ ಇಲ್ಲದಂತಾಗಲಿ.