ಐದು ಹತ್ತಕ್ಕೆ ಬಡಿಯುವ ತಗಡು

ಬೆಳಗಿನ ಜಾವ ಐದು ಗಂಟೆ. ಎವರಿಸ್ಟೊ ಬರ್ರಾಗಾನ್ ಶೆಡ್ಡಿನ ಬಾಗಿಲು ಸರಿಸಿ ಒಳಗೆ ಹೋಗುತ್ತಾರೆ. ದೀಪ ಹಾಕುವುದಿಲ್ಲ. ಕತ್ತಲಲ್ಲೇ ನಾಲ್ಕು ಹೆಜ್ಜೆ ನಡೆದು, ನಡುವೆ ನಿಂತಿರುವ ಹಳೆಯ ಪಿಕಪ್ ಗಾಡಿಯ ಪಕ್ಕ ಸ್ಟೂಲಿನ ಮೇಲೆ ಕೂರುತ್ತಾರೆ. ಎಡಗೈಗೆ ಬಿಳಿ ನೂಲಿನ ಗವುಸು ಏರಿಸಿ ಗಾಡಿಯ ಟಾಪಿನ ಅಂಚಿಗೆ ಅಂಗೈ ಊರುತ್ತಾರೆ. ಹೊರಗೆ ಮರುಭೂಮಿಯ ಗಾಳಿ ಶೆಡ್ಡಿನ ಗೋಡೆಗೆ ಹಿಡಿ ಹಿಡಿ ಮರಳು ಎರಚುತ್ತಿದೆ.

"ಬಂದ್ರೆ ಈಗ ಬರತ್ತೆ, ಕೇಳಿ," ಎನ್ನುತ್ತಾರೆ.

ಐದು ಗಂಟೆ ಹತ್ತು ನಿಮಿಷಕ್ಕೆ, ಢಬ್!

ಯಾರೋ ಅಂಗೈ ಬಿಚ್ಚಿ ಟಾಪಿನ ಮೇಲೆ ಬಾರಿಸಿದ ಹಾಗೆ. ಶೆಡ್ಡಿನಲ್ಲಿ ಇರುವುದು ನಾವಿಬ್ಬರೇ, ಅವರು ಮತ್ತು ಊರ ಪತ್ರಿಕೆಗೆ ಅವರ ಬಗ್ಗೆ ಬರೆಯಲು ಬಂದಿರುವ ನಾನು. ಕತ್ತಲಲ್ಲಿ ಕಾಣುವ ಆ ಬಿಳಿ ಗವುಸು ಅಲುಗಿಲ್ಲ. ಎವರಿಸ್ಟೊ ಎದ್ದು ದೀಪ ಹಾಕುತ್ತಾರೆ. ಟಾಪಿನ ನಡುವೆ, ಚಾಲಕನ ತಲೆಯ ನೇರಕ್ಕೆ, ಅಂಗೈಯಗಲದ ಒಂದು ನೆಗ್ಗು. ನಿನ್ನೆ ಸಂಜೆ ಅವರು ಬಾಗಿಲು ಹಾಕುವಾಗ ಅದು ಇರಲಿಲ್ಲ. ನಾನೇ ಸವರಿ ನೋಡಿದ್ದೆ.

"ಇದು ಐದನೇ ಸಲ," ಎನ್ನುತ್ತಾರೆ ಅವರು, ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತ. "ನಾನು ತೆಗೀತೀನಿ, ಅದು ಬರತ್ತೆ. ನಲವತ್ತೊಂಬತ್ತು ವರ್ಷ ಆಯ್ತು ಈ ಕೆಲಸಕ್ಕೆ ಬಂದು. ನನ್ನ ಮಾತು ಕೇಳದ ತಗಡು ಇದೊಂದೇ."

ಎವರಿಸ್ಟೊ ಅವರದು ಟಿಂಕರಿಂಗ್ ಕೆಲಸ. ಹಾಟ್ ರಾಡ್ ಗಾಡಿಗಳ, ಎಂದರೆ ವೇಗಕ್ಕೆಂದು ಕೊಯ್ದು ಹೊಸದಾಗಿ ಕಟ್ಟಿದ ಹಳೆಯ ಗಾಡಿಗಳ, ಮೈ ಕಟ್ಟುತ್ತಾರೆ. ನಮ್ಮ ಕಣಿವೆಯಲ್ಲಿ ಈ ಗಾಡಿ ಇಲ್ಲದ ಮನೆ ಕಡಿಮೆ, ಆದರೆ ಹಳೆಯ ಪದ್ಧತಿಯಲ್ಲಿ ಕಟ್ಟುವವರು ಈಗ ಇವರೊಬ್ಬರೇ. ಟಾಪಿನ ಕಂಬಗಳನ್ನು ಮೂರೂವರೆ ಅಂಗುಲ ಕೊಯ್ದು ತಗ್ಗಿಸಬೇಕು, ಮುಂದಿನ ಅಚ್ಚನ್ನು ಬಗ್ಗಿಸಿ ಮೂತಿಯನ್ನು ನೆಲಕ್ಕೆ ಇಳಿಸಬೇಕು, ಬೆಸುಗೆಯ ಗಾಯಗಳನ್ನು ಕರಗಿಸಿದ ಸೀಸದಿಂದ ತುಂಬಿ ಮರದ ಹಲಗೆಯಲ್ಲಿ ನಯ ಮಾಡಬೇಕು. ಈಗಿನವರು ಬಳಿಯುವ ಪುಟ್ಟಿ ಇವರ ಶೆಡ್ಡಿನ ಹೊಸ್ತಿಲು ದಾಟಿಲ್ಲ. ಇನ್ನೊಂದು ಕಟ್ಟುನಿಟ್ಟೂ ಇದೆ. ಗಾಡಿ ಯಾವ ವರ್ಷದ್ದೆಂದು ಕಟ್ಟುತ್ತಾರೋ, ಆ ವರ್ಷದಾಚೆಯ ಒಂದು ಸ್ಕ್ರೂ ಕೂಡ ಕಣ್ಣಿಗೆ ಬೀಳಬಾರದು.

ಗಾಡಿ ಮುಗಿದ ಮೇಲೆ ಜನ ನೋಡುವುದು ಬಣ್ಣವನ್ನು. ಪ್ರದರ್ಶನದಲ್ಲಿ ಬಹುಮಾನವೂ ಬಣ್ಣಕ್ಕೇ. ಎದುರು ಶೆಡ್ಡಿನ ಪೇಂಟರ್ ಡೆಲ್ಮರ್ ಹಲ್ಲುಜ್ಜುತ್ತಲೇ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ.

"ಏನಯ್ಯಾ, ಎದ್ದಿತಾ ನಿನ್ನ ದೆವ್ವ?"

"ಎದ್ದು ನಿನ್ನನ್ನೇ ಕೇಳ್ತಿತ್ತು. ಬಣ್ಣದೋನು ಇನ್ನೂ ಗೊರಕೆ ಹೊಡೀತಿದಾನಾ ಅಂತ."

"ಆ ನೆಗ್ಗಿಗೆ ಒಂದು ಉಂಡೆ ಪುಟ್ಟಿ ಮೆತ್ತು, ಮೇಲೆ ನಾನು ಕಪ್ಪು ಹೊಡೀತೀನಿ. ದೇವರಿಗೂ ಗೊತ್ತಾಗಲ್ಲ."

"ದೇವರಿಗೆ ಗೊತ್ತಾಗದೇ ಇರಬಹುದು ಕಣೋ. ಆಯಮ್ಮನಿಗೆ ಗೊತ್ತಾಗತ್ತೆ."

ಆಯಮ್ಮ ಎಂದರೆ ವರ್ನಾ ಪ್ರೂಯಿಟ್. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವರು, ಈಗ ಎಂಬತ್ತೊಂದು. ಈ ಗಾಡಿ ಅವರ ಅಣ್ಣ ಡ್ವೇನನದು.

ಡ್ವೇನನ ವಿಷಯ ನಮ್ಮ ಊರಿನ ಹಳಬರಿಗೆ ಹೇಳಬೇಕಾಗಿಲ್ಲ. ಹೊಸಬರಿಗಾಗಿ ಎರಡು ಮಾತು. ಸಾವಿರದ ಒಂಬೈನೂರ ಐವತ್ತೆಂಟು, ಅಕ್ಟೋಬರ್. ಹತ್ತೊಂಬತ್ತರ ಹುಡುಗ ಬೆಳಗಿನ ಐದೂ ಕಾಲರ ಹೊತ್ತಿಗೆ ಮನೆಯ ಅಂಗಳದಿಂದ ಗಾಡಿ ಹೊರಡಿಸಿದ, ಒಣಕೆರೆಯ ಮೇಲೆ ಒಬ್ಬನೇ ಓಡಿಸಿ ನೋಡಲು. ಏಳು ಗಂಟೆಗೆ ಧೂಳು ಎದ್ದಿತು. ಹತ್ತಕ್ಕೆ ಇಳಿಯಿತು. ಗಾಡಿ ಕೆರೆಯ ನಟ್ಟನಡುವೆ ನೆಟ್ಟಗೆ ನಿಂತಿತ್ತು. ಎಂಜಿನ್ ಇನ್ನೂ ಬಿಸಿ, ಚಾಲಕನ ಬಾಗಿಲು ತೆರೆದಿದೆ, ಸೀಟಿನ ಮೇಲೆ ಟೋಪಿ. ಹುಡುಗ ಇಲ್ಲ. ಒಣಕೆರೆಯ ನೆಲ ಸಿಮೆಂಟಿನಷ್ಟು ಗಟ್ಟಿ, ಹೆಜ್ಜೆ ಮೂಡುವುದಿಲ್ಲ. ಒಂಬತ್ತು ದಿನ ಹುಡುಕಿದರು. ನನಗಾಗ ಹನ್ನೆರಡು ವರ್ಷ, ನಾನೂ ಸಾಲಿನಲ್ಲಿ ಕೈಕೈ ಹಿಡಿದು ನಡೆದಿದ್ದೆ. ಅವನ ಅಂಗಿಯ ಒಂದು ಗುಂಡಿಯೂ ಸಿಗಲಿಲ್ಲ. ಇವತ್ತಿನವರೆಗೂ ಸಿಕ್ಕಿಲ್ಲ. ಅವನ ಅಪ್ಪ ಗಾಡಿಯನ್ನು ಎಳೆಸಿ ತಂದು ಹಿತ್ತಲ ಶೆಡ್ಡಿಗೆ ತಳ್ಳಿ ಬೀಗ ಹಾಕಿ, ಬೀಗದ ಕೈಯನ್ನು ಬಾವಿಗೆ ಎಸೆದ.

ವರ್ನಾ ಪ್ರತಿ ಗುರುವಾರ ಪೀಚ್ ಹಣ್ಣಿನ ಪೈ ಹಿಡಿದುಕೊಂಡು ಇಲ್ಲಿಗೆ ಬರುತ್ತಾರೆ. ಗಾಡಿಯನ್ನು ಮುಟ್ಟುವುದಿಲ್ಲ, ದೂರ ಕೂತು ನೋಡುತ್ತಾರೆ. ಅವರು ಹೇಳುವುದನ್ನು ಅವರ ಮಾತಿನಲ್ಲೇ ಕೊಡುತ್ತೇನೆ.

"ನನ್ನೂ ಕರ್ಕೊಂಡು ಹೋಗೋ ಅಂದೆ. 'ಹೋಗೇ, ಮೊದಲು ಸಿಂಬಳ ಒರೆಸ್ಕೋ' ಅಂದ. ಹದಿನಾಲ್ಕು ವರ್ಷ ನಂಗೆ, ಸಿಂಬಳ ಅಂದ್ರೆ ಸಿಟ್ಟು ಬರಲ್ವಾ? ಟಾಪಿನ ಮೇಲೆ ಕೈ ಎತ್ತಿ ಒಂದೇಟು ಬಾರಿಸ್ದೆ. ಮೂರು ದಿನ ಮಣಿಕಟ್ಟು ಊದಿತ್ತು. 'ಬಂದ್ಮೇಲೆ ಕಿವಿ ಹಿಂಡ್ತೀನಿ, ನೋಡ್ತಿರು' ಅಂತ ಹೋದ. ನೋಡ್ತಾನೇ ಇದೀನಿ."

ಇಲ್ಲಿ ಒಂದು ಪದ್ಧತಿ ಹೇಳಬೇಕು. ಒಣಕೆರೆಯಲ್ಲಿ ಗಾಡಿ ಬಿಡುವಾಗ, ಕಳಿಸಿಕೊಡುವವರು ಟಾಪಿನ ಮೇಲೆ ಅಂಗೈಯಿಂದ ಎರಡು ಸಲ ಬಡಿಯುತ್ತಾರೆ. ಎರಡು ಏಟೆಂದರೆ ಎಲ್ಲ ಬಿಗಿಯಾಗಿದೆ, ಹೋಗು. ಒಂದೇ ಏಟೆಂದರೆ ಏನೋ ಕೆಟ್ಟಿದೆ, ನಿಲ್ಲಿಸು, ಇಳಿದು ನೋಡು. ಎಂಜಿನ್ನಿನ ಗದ್ದಲದಲ್ಲಿ ಮಾತು ಕೇಳುವುದಿಲ್ಲ, ಅದಕ್ಕೇ ಈ ಕೈಭಾಷೆ. ಇಲ್ಲಿಯ ಮಕ್ಕಳಿಗೆ ನಡೆಯಲು ಬರುವ ಮೊದಲೇ ಇದು ಗೊತ್ತು.

"ನಾನು ಹೊಡೆದಿದ್ದು ಒಂದು," ಎನ್ನುತ್ತಾರೆ ವರ್ನಾ. "ನೆಗ್ಗು ಬಿತ್ತು. ಓಡೋವಾಗ ಆ ನೆಗ್ಗು ಒಳಗೆ ಹೊರಗೆ ಆಡಿ ಢಬ್ ಅಂದಿರತ್ತೆ. ಒಂದೇ ಸಲ. ಅವನು ನಿಲ್ಲಿಸಿ ಇಳಿದಿದಾನೆ. ಆ ಧೂಳಲ್ಲಿ ಗಾಡಿಯಿಂದ ಹತ್ತು ಹೆಜ್ಜೆ ದೂರ ಹೋದ್ರೆ ತಿರುಗಿ ಗಾಡಿ ಸಿಗಲ್ಲ. ಇಳಿಸಿದ್ದು ನನ್ನ ಕೈ."

ಆಮೇಲೆ ಅವರಪ್ಪ ಬೀಗ ಹಾಕಿದ ಶೆಡ್ಡಿನಿಂದ ಚಳಿಗಾಲದ ಬೆಳಗುಗಳಲ್ಲಿ ಅದೇ ಸದ್ದು ಬರುತ್ತಿತ್ತಂತೆ. ಒಂದೇ ಏಟು. ವರ್ನಾ ಹಿತ್ತಲ ಕಡೆಯ ಕೋಣೆ ಬಿಟ್ಟು ಬೀದಿ ಕಡೆಯ ಕೋಣೆಗೆ ಹಾಸಿಗೆ ಹಾಕಿಕೊಂಡರು. ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಮಲಗಿದರು. ಕಳೆದ ವರ್ಷ ಡಾಕ್ಟರು ಹೃದಯ ದಣಿದಿದೆ ಎಂದಾಗ, ಬೀಗ ಒಡೆಸಿ, ಎವರಿಸ್ಟೊ ಅವರನ್ನು ಕರೆಸಿ ಗಾಡಿ ಒಪ್ಪಿಸಿದರು. ಬೇಡಿಕೆ ಎರಡೇ. ಡ್ವೇನ್ ಅರ್ಧಕ್ಕೆ ಬಿಟ್ಟದ್ದನ್ನು ಅವನು ಬರೆದಿಟ್ಟ ಚಿತ್ರದ ಹಾಗೆಯೇ ಮುಗಿಸಬೇಕು. ಆ ನೆಗ್ಗು ಹೋಗಬೇಕು. ಎರಡೂ ಅಕ್ಟೋಬರಿಗೆ, ಅವನು ಹೋದ ತಿಂಗಳಿಗೆ.

ಎವರಿಸ್ಟೊ ದ್ರಾಕ್ಷಿ ತೋಟದ ಕೂಲಿಗಳ ಮಗ. ಶಾಲೆ ಏಳನೇ ತರಗತಿಗೇ ಮುಗಿಯಿತು. ಇಪ್ಪತ್ತೆರಡಕ್ಕೆ ತೋಟ ಬಿಟ್ಟು ಹಗೋಪ್ ಎಂಬ ಅರ್ಮೇನಿಯದ ಮುದುಕನ ಹತ್ತಿರ ಸುತ್ತಿಗೆ ಹಿಡಿದರು. ಆತ ದೀಪ ಆರಿಸಿ ಕಲಿಸುತ್ತಿದ್ದನಂತೆ. ಬೆಳಕು ತಗಡಿನ ಮೇಲೆ ಹೊರಳಿ ಕಣ್ಣಿಗೆ ಮೋಸ ಮಾಡುತ್ತದೆ, ಅಂಗೈ ಮೋಸ ಹೋಗುವುದಿಲ್ಲ; ನೂಲಿನ ಗವುಸು ತೊಟ್ಟರೆ ಅದು ಸಲೀಸಾಗಿ ಜಾರಿ ಕೂದಲೆಳೆಯ ಏರುತಗ್ಗನ್ನೂ ಹಿಡಿಯುತ್ತದೆ. ಎವರಿಸ್ಟೊ ಹತ್ತಿರ ಹದಿನೇಳು ಸುತ್ತಿಗೆಗಳಿವೆ, ದಿನಕ್ಕೆ ಎರಡು ಸಾವಿರ ಏಟಿಗೆ ಕಡಿಮೆ ಇಲ್ಲ, ಒಂದು ಗಾಡಿಗೆ ನಲವತ್ತು ಕಡ್ಡಿ ಸೀಸ. ಬಲಗಿವಿ ಪೂರ್ತಿ ಹೋಗಿದೆ. ರಕ್ತದಲ್ಲಿ ಸೀಸ ಸೇರಿದೆ, ಆರು ತಿಂಗಳಿಗೊಮ್ಮೆ ಪರೀಕ್ಷೆ. "ನಾನು ಸತ್ರೆ ಹೂಳಬೇಡಿ, ಕರಗಿಸಿ, ಎರಡು ಗಾಡಿಗೆ ಆಗತ್ತೆ," ಎಂದು ನಗುತ್ತಾರೆ.

"ನಮ್ಮ ಕೆಲಸ ಕಾಣಬಾರದು. ಕಂಡ್ರೆ ಕೆಟ್ಟಿದೆ ಅಂತ ಅರ್ಥ. ಅದಕ್ಕೇ ನಮ್ಮನ್ನ ಯಾರೂ ನೋಡಲ್ಲ. ಬೇಜಾರಿಲ್ಲ."

ಅಗಲವಾದ ತಗಡಿನಲ್ಲಿ ಇಂಥ ನೆಗ್ಗು ಬಂದರೆ ದಾರಿ ಒಂದೇ. ಹಿಗ್ಗಿದ ಜಾಗವನ್ನು ಗ್ಯಾಸ್ ಬೆಂಕಿಯಲ್ಲಿ ನಾಣ್ಯದಷ್ಟಗಲ ಕೆಂಪಗೆ ಕಾಯಿಸಿ, ಒದ್ದೆ ಬಟ್ಟೆ ಒತ್ತಿ ಕುಗ್ಗಿಸುವುದು. ಎವರಿಸ್ಟೊ ಐದು ಸಲ ಹಾಗೇ ಮಾಡಿದರು. ನಾಲ್ಕು ದಿನ, ಒಮ್ಮೆ ಹನ್ನೊಂದು ದಿನ ತಗಡು ಸುಮ್ಮನಿತ್ತು. ಆಮೇಲೆ ಮರುಭೂಮಿ ಎಲ್ಲಕ್ಕಿಂತ ತಣ್ಣಗಾಗುವ ಆ ಗಳಿಗೆಗೆ ಮತ್ತೆ ಢಬ್. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಡೆಲ್ಮರ್ ತಮಾಷೆ ನಿಲ್ಲಿಸಿದ. ಸಂಜೆಯಾದ ಮೇಲೆ ಈ ಶೆಡ್ಡಿನ ಮುಂದೆ ಹಾಯುವುದನ್ನೂ ನಿಲ್ಲಿಸಿದ.

ಅಕ್ಟೋಬರಿನ ಮೊದಲ ಸೋಮವಾರ ನಾನು ಹೋದಾಗ ಎವರಿಸ್ಟೊ ಟಾಪಿನ ಹಿಂದಿನ ಅಂಚನ್ನು ಸವರುತ್ತ ನಿಂತಿದ್ದಾರೆ. ನೆಗ್ಗಿನಿಂದ ಎರಡು ಗೇಣು ದೂರ. ಅಲ್ಲಿ ಡ್ವೇನ್ ತುಂಬಿದ ಸೀಸ ಹಾಗೇ ಇದೆ. ಅಷ್ಟು ಚೆನ್ನಾಗಿ ಬಳಿದಿದ್ದನೆಂದು ಎವರಿಸ್ಟೊ ಅದನ್ನು ಕದಲಿಸಿರಲಿಲ್ಲ. ಈಗ ಬೆಂಕಿ ಹಿಡಿಯುತ್ತಾರೆ. ಸೀಸ ಹನಿಹನಿಯಾಗಿ ತಟ್ಟೆಗೆ ಇಳಿಯುತ್ತದೆ. ಕೆಳಗೆ ಬೆಸುಗೆಯ ಗೆರೆ, ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿಗೆ ಎಳೆದದ್ದು.

ಅವರು ಬೆಂಕಿ ಆರಿಸಿ ಸ್ಟೂಲಿನ ಮೇಲೆ ಕೂರುತ್ತಾರೆ.

"ಅಯ್ಯೋ ಅವಸರದ ಹುಡುಗ. ಒಂದಂಗುಲ ಬೆಸೆದು ಆರೋಕೆ ಬಿಡಬೇಕಿತ್ತು. ಆರಿದ ಮೇಲೆ ಬಡಿದು ಹಿಗ್ಗಿಸಬೇಕಿತ್ತು. ಎರಡೂ ಮಾಡಿಲ್ಲ. ಗೆರೆ ಆರುತ್ತ ಕುಗ್ಗಿದೆ, ಅಂಚನ್ನ ಜಗ್ಗಿ ಹಿಡಿದಿದೆ. ಅಂಚು ಬಿಗಿಯಾದ್ರೆ ನಡು ಸಡಿಲ. ಚಳಿಗೆ ಕುಪ್ಪಳಿಸತ್ತೆ." ಸೀಸದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಹೇಳುತ್ತಾರೆ: "ನಾನೂ ಪೆದ್ದನೇ. ಆಯಮ್ಮ ನನ್ನ ಏಟು ಅಂದ್ರು, ಏಟು ಬಿದ್ದ ಜಾಗ ಕುಗ್ಗಿಸ್ತಾ ಕೂತೆ. ಅವರ ಮಾತು ಕೇಳಿದೆ, ತಗಡಿನ ಮಾತು ಕೇಳಲಿಲ್ಲ."

ಗುರುವಾರ ವರ್ನಾ ಬರುತ್ತಾರೆ. ಎವರಿಸ್ಟೊ ಟೋಪಿ ತೆಗೆದು ವಿಷಯ ಹೇಳುತ್ತಾರೆ. ಮುದುಕಿಯ ಮುಖ ಕೆಂಪಾಗುತ್ತದೆ.

"ನನ್ನ ಸಮಾಧಾನಕ್ಕೆ ಕಥೆ ಕಟ್ಬೇಡ. ನನ್ನ ಕಣ್ಣೆದುರಿಗೆ ನೆಗ್ಗು ಬಿದ್ದಿದ್ದು."

"ಬಿತ್ತು ಅಕ್ಕಾ. ನೀವು ಹೊಡೀದೇ ಇದ್ರೂ ಬೀಳ್ತಿತ್ತು. ಚಳಿಯೂ ನಿಮ್ಮ ಕೈಯೂ ಒಂದೇ ಗಳಿಗೆಗೆ ಬಂದ್ವು, ಅಷ್ಟೇ. ಅರವತ್ತು ವರ್ಷ ಬೀಗ ಹಾಕಿದ ಶೆಡ್ಡಲ್ಲಿ ಯಾರು ಹೊಡೀತಿದ್ರು ಹೇಳಿ?"

"ಅದನ್ನೇ ನಾನು ಅರವತ್ತು ವರ್ಷ ಕೇಳ್ಕೊಂಡಿದ್ದು," ಎನ್ನುತ್ತಾರೆ ವರ್ನಾ, ತಗ್ಗಿದ ದನಿಯಲ್ಲಿ.

ಎವರಿಸ್ಟೊ ಸುತ್ತಿಗೆ ಎತ್ತಿಕೊಳ್ಳುತ್ತಾರೆ. ಅವರನ್ನು ಮೆಟ್ಟಿಲಿನ ಮೇಲೆ ನಿಲ್ಲಿಸಿ, ತಮ್ಮ ಬಿಳಿ ಗವುಸು ತೊಡಿಸಿ, ಅವರ ಅಂಗೈಯನ್ನು ನೆಗ್ಗಿನ ಮೇಲೆ ಇಡಿಸುತ್ತಾರೆ. ಒಳಗಿನಿಂದ ಕಬ್ಬಿಣದ ಗಟ್ಟಿ ಒತ್ತಿ ಹಿಡಿದು, ಬೆಸುಗೆಯ ಗೆರೆಯ ಮೇಲೆ ಸಣ್ಣ ಸುತ್ತಿಗೆ ಆಡಿಸತೊಡಗುತ್ತಾರೆ. ಟಿಕ್, ಟಿಕ್, ಟಿಕ್. ಮುಕ್ಕಾಲು ಗಂಟೆ. ವರ್ನಾ ಕೈ ತೆಗೆಯುವುದಿಲ್ಲ.

"ಏರ್ತಿದೆ," ಎನ್ನುತ್ತಾರೆ ಒಮ್ಮೆಲೇ. "ಕೆಳಗಿನಿಂದ ಏರ್ತಿದೆ ಕಣೋ. ಉಸಿರು ಎಳ್ಕೊಂಡ ಹಾಗೆ."

ಮಾರನೆಯ ಬೆಳಿಗ್ಗೆ ನಾವು ನಾಲ್ವರೂ ಕತ್ತಲಲ್ಲಿ ಕೂತಿದ್ದೇವೆ. ಡೆಲ್ಮರ್ ಬಾಗಿಲ ಹತ್ತಿರ, ಒಂದು ಕಾಲು ಹೊರಗೆ. ಐದು ಹತ್ತು. ಐದೂ ಕಾಲು. ಐದೂವರೆ. ಸದ್ದಿಲ್ಲ. ಇಷ್ಟು ದಿನ ಆ ಸದ್ದಿಗೆ ಬೆಚ್ಚಿದವನು ನಾನು, ಅವತ್ತು ಅದು ಬಾರದ್ದಕ್ಕೆ ಮೈ ಜುಮ್ಮೆಂದಿತು. ಏನೋ ಎದ್ದು ಹೊರಟುಹೋದ ಹಾಗೆ.

ಆಮೇಲಿನ ಬೆಳಗುಗಳಲ್ಲೂ ಸದ್ದಿಲ್ಲ. ಎರಡನೇ ಭಾನುವಾರ, ಇನ್ನೂ ಸೂರ್ಯ ಹುಟ್ಟಿಲ್ಲ. ಒಣಕೆರೆಯ ದಡದಲ್ಲಿ ಗಾಡಿ ನಿಂತಿದೆ. ಬಣ್ಣ ಹಾಕಿಸಿಲ್ಲ, ವರ್ನಾ ಬೇಡವೆಂದರು. ಬರಿ ಬೂದು ಪ್ರೈಮರ್, ಡ್ವೇನನ ಚಿತ್ರದಲ್ಲಿದ್ದ ಹಾಗೆ. ಎಂಟು ಸಿಲಿಂಡರಿನ ಎಂಜಿನ್ ನೆಲವನ್ನೇ ನಡುಗಿಸುತ್ತಿದೆ. ಎವರಿಸ್ಟೊ ಒಳಗೆ ಕೂತು ಟೋಪಿ ಒತ್ತಿಕೊಳ್ಳುತ್ತಾರೆ. ವರ್ನಾ ಕೈ ಎತ್ತುತ್ತಾರೆ. ಕೈ ಅಲ್ಲೇ ನಿಲ್ಲುತ್ತದೆ.

"ಹೊಡೀರಿ ಅಕ್ಕಾ. ಬಿಗಿಯಾಗಿದೆ."

ಢಬ್. ಢಬ್.

ಗಾಡಿ ಹೋಗುತ್ತದೆ. ಅದರ ಹಿಂದೆ ಧೂಳು ಎದ್ದು ಮುಚ್ಚುತ್ತದೆ. ಮೊದಲು ಕಾಣುವುದು ನಿಂತಿತು, ಆಮೇಲೆ ಕೇಳುವುದೂ ನಿಂತಿತು. ವರ್ನಾ ನನ್ನ ತೋಳು ಹಿಡಿದಿದ್ದಾರೆ. ಉಗುರು ನೆಟ್ಟಿದೆ. ಹನ್ನೆರಡು ನಿಮಿಷ. ಆ ಮೇಲೆ ದೂರದಲ್ಲಿ ಗುಡುಗುಡು, ಧೂಳಿನೊಳಗಿನಿಂದ ಬೂದು ಬಣ್ಣದ ಮೂತಿ.

ಎವರಿಸ್ಟೊ ಎಂಜಿನ್ ಆರಿಸಿದರೂ ತಕ್ಷಣ ಇಳಿಯುವುದಿಲ್ಲ. ಕೈ ಇನ್ನೂ ಸ್ಟೀರಿಂಗ್ ಮೇಲಿದೆ.

"ನಟ್ಟನಡುವೆ ಹೋಗಿದ್ದೆ," ಎನ್ನುತ್ತಾರೆ. "ಅವನ ಗಾಡಿ ನಿಂತಿತ್ತಲ್ಲ, ಅಲ್ಲೇ. ಟಾಪಿನ ಮೇಲೆ ಬಡೀತು. ಆ ತಗಡು ಆಡಲ್ಲ. ಆಡೋಕೆ ಸಾಧ್ಯವೇ ಇಲ್ಲ, ನಾನು ಕಟ್ಟಿದ್ದು. ಬಡೀತು."

"ಎಷ್ಟು?" ವರ್ನಾ ಕೇಳುತ್ತಾರೆ.

"ಎರಡು. ಎರಡು ಅಂದ್ರೆ ಹೋಗು ಅಂತ ತಾನೇ? ನಿಲ್ಲಿಸಲಿಲ್ಲ. ಹೋದೆ, ಬಂದೆ."

ವರ್ನಾ ನನ್ನ ತೋಳು ಬಿಡುತ್ತಾರೆ. ಗಾಡಿಯ ಹತ್ತಿರ ಹೋಗಿ ಬರಿಗೈಯನ್ನು ಟಾಪಿನ ಮೇಲೆ ಇಟ್ಟು, ಧೂಳು ಒರೆಸುತ್ತ, ಮುಂದಿನಿಂದ ಹಿಂದಕ್ಕೆ, ಎಡದಿಂದ ಬಲಕ್ಕೆ ಸವರುತ್ತಾರೆ. ಮತ್ತೆ ಮೊದಲಿನಿಂದ ಸವರುತ್ತಾರೆ. ಸೂರ್ಯ ಹುಟ್ಟಿದ.

"ಎಲ್ಲಿತ್ತೋ ಆ ನೆಗ್ಗು?"

ಎವರಿಸ್ಟೊ ಇಳಿದು ಬಂದು, ಗವುಸು ಹಾಕಿಕೊಂಡು ತಾವೂ ಒಮ್ಮೆ ಹುಡುಕುತ್ತಾರೆ. ಕಣ್ಣು ಮುಚ್ಚಿ, ಹೊತ್ತು ತೆಗೆದುಕೊಂಡು. ಆಮೇಲೆ ಗವುಸು ಕಳಚಿ ಜೇಬಿಗೆ ಇಡುತ್ತಾರೆ.

"ನಂಗೂ ಸಿಗ್ತಿಲ್ಲ ಅಕ್ಕಾ."