ಆಯಿ ನಪಾಸು ಮಾಡಿದ ಸಾಹಿತಿಗಳು

ಎಂ.ಎ. ಮುಗಿಸಿ ಸಿಂದಗಿಯ ಮನೆಯಲ್ಲಿ ಕುಳಿತಿದ್ದ ವರ್ಷ, ಇಂಡಿಯಿಂದ ಬರುತ್ತಿದ್ದ ವಾರಪತ್ರಿಕೆಯೊಂದಕ್ಕೆ ಜಗತ್ತಿನ ಸಾಹಿತಿಗಳ ಕಿರುಪರಿಚಯ ಬರೆಯುತ್ತಿದ್ದೆ. ಕೆಳಗೆ ನನ್ನ ಹೆಸರು ಹಾಕಬಾರದೆಂಬುದು ನನ್ನ ಕರಾರು. “ಓದಿದಾವ ಎದ್ದು ಕೂಡಬೇಕ್ರಿ” ಎಂಬುದು ಸಂಪಾದಕರದು. ಬುಧವಾರ ಇಂಡಿ ಬಸ್ಸಿನ ಕಂಡಕ್ಟರ್ ಕೈಗೆ ಲಕೋಟೆ ಕೊಟ್ಟರೆ, ಅಲ್ಲಿನ ನಿಲ್ದಾಣದಲ್ಲಿ ಪ್ರೆಸ್ಸಿನವರು ಇಳಿಸಿಕೊಳ್ಳುತ್ತಿದ್ದರು.

ನೂರೈವತ್ತು ಶಬ್ದಗಳಲ್ಲಿ ಒಬ್ಬ ಮನುಷ್ಯನನ್ನು ಹುಟ್ಟಿಸಿ ಸಾಯಿಸಬೇಕು. ಅವನ ಪುಸ್ತಕಗಳ ಬಗ್ಗೆ ಬರೆದರೆ ಯಾರೂ ಎದ್ದು ಕೂಡುವುದಿಲ್ಲ. ಆದ್ದರಿಂದ ಕಾಲೇಜು ಗ್ರಂಥಾಲಯದ ವಿಶ್ವಕೋಶದಿಂದ ಕುಡಿತ, ಜೂಜು, ಮೂರನೆಯ ಹೆಂಡತಿ, ಹುಚ್ಚಾಸ್ಪತ್ರೆ ಇವನ್ನೇ ಆರಿಸಿ ತರುತ್ತಿದ್ದೆ.

ಪತ್ರಿಕೆಯನ್ನು ರವಿವಾರ ಆಯಿಗೆ, ಅಂದರೆ ನನ್ನ ಅಜ್ಜಿಗೆ, ಓದಿ ಹೇಳುವ ಕೆಲಸವೂ ನನ್ನದೇ. ಬರೆದವಳು ನಾನೆಂದು ಹೇಳಿರಲಿಲ್ಲ. ಬಳಗದ ಎಷ್ಟೋ ಮದುವೆ ಕೂಡಿಸಿದ ಆಯಿ, ಯಾರ ಬದುಕು ಕೇಳಿದರೂ ಗಂಡು ನೋಡಿದಂತೆಯೇ ಕೇಳುತ್ತಿದ್ದಳು. ಮೊರದಲ್ಲಿ ಜೋಳ ಹಸನು ಮಾಡುತ್ತ, “ಹೊಲ ಎಷ್ಟಿತ್ತು?” ಎನ್ನುತ್ತಿದ್ದಳು.

“ಬರದಿಲ್ಲ ಆಯಿ.”

“ಇಲ್ಲ ಅನ್ನು. ಮುಂದ?”

“ಹೆಂಡತೀನ ಬಿಟ್ಟು ಹಡಗ ಹತ್ತಿ ಹ್ವಾದ.”

“ಇಂಥಾವಗ ಕೊಡೂದು ಬ್ಯಾಡ.” ಹರಳಿನ ಜೊತೆಗೆ ಅವನನ್ನೂ ಮೊರದಾಚೆ ಎಸೆಯುತ್ತಿದ್ದಳು. ಆರು ತಿಂಗಳಲ್ಲಿ ಮೂರು ಖಂಡಗಳ ಸಾಹಿತ್ಯ ನಮ್ಮ ಪಡಸಾಲೆಯಲ್ಲಿ ನಪಾಸಾಯಿತು.

ಆಗ ನನ್ನ ಕಾಕಾ ಒಂದು ಸಂಬಂಧ ತಂದರು. ಮುದ್ದೇಬಿಹಾಳದ ಕಡೆಯ ಹೈಸ್ಕೂಲ್ ಮಾಸ್ತರ. ಹೊಲ, ಮನೆ, ನೌಕರಿ ಎಲ್ಲ ಹೇಳಿ, ಶೋಭೆಗೆಂದು ಕೊನೆಗೆ ಒಂದು ಮಾತು ಸೇರಿಸಿದರು: “ಕತಿ ಸುದ್ದಾ ಬರೀತಾನ, ಯವ್ವಾ.”

ಆ ಕತೆಗಳಲ್ಲೊಂದನ್ನು ದೀಪಾವಳಿ ಸಂಚಿಕೆಯಲ್ಲಿ ಎರಡು ಸಲ ಓದಿದ್ದೆ. ಒಬ್ಬ ಗಂಡನ್ನು ನೋಡಬೇಕೆಂದು ನನಗೆ ಅನ್ನಿಸಿದ್ದು ಅದೇ ಮೊದಲು.

“ಬ್ಯಾಡ,” ಎಂದಳು ಆಯಿ. “ಬರಿಯಾವ್ರ ಹಣೇಬಾರ ವಾರಾವಾರ ಕೇಳಾಕತ್ತೇನಿ. ಕೂಸಿನ್ನ ಬಾವಿಗಿ ನೂಕಬೇಕೇನು?”

ಆಯಿ ಬೇಡವೆಂದ ಗಂಡಿಗೆ ನಮ್ಮ ಮನೆಯಲ್ಲಿ ಚಹಾ ಕೂಡ ಆಗುತ್ತಿರಲಿಲ್ಲ.

ಮೂರು ದಿನ ಗ್ರಂಥಾಲಯದಲ್ಲಿ ಕುಳಿತು ಒಬ್ಬ ಸಭ್ಯ ಸಾಹಿತಿಯನ್ನು ಹುಡುಕಿದೆ. ಕೊನೆಗೂ ಸಿಕ್ಕ: ಸರ್ವೇ ಕಚೇರಿಯ ಗುಮಾಸ್ತ, ಒಬ್ಬಳೇ ಹೆಂಡತಿ, ನಾಲ್ಕು ಮಕ್ಕಳು. ಅವನ ಬರವಣಿಗೆ ವಿಶ್ವಕೋಶಕ್ಕೂ ಅಷ್ಟು ಹಿಡಿಸಿದಂತಿರಲಿಲ್ಲ. ಸಂಪಾದಕರು ಬೇರೇನೂ ಇಲ್ಲದೆ ಅದನ್ನೇ ಹಾಕಿದರು.

ರವಿವಾರ ಓದಿದೆ. ಆಯಿ ಮೊರ ಕೆಳಗಿಟ್ಟಳು.

“ಕುಡೀತಿದ್ದಿಲ್ಲಾ?”

“ಇಲ್ಲ.”

“ಹೆಂಡತಿ ಮಾತು ಕೇಳ್ತಿದ್ದನಾ?”

ವಿಶ್ವಕೋಶದಲ್ಲಿ ಅದಿರಲಿಲ್ಲ. “ಕೇಳ್ತಿದ್ದ,” ಎಂದೆ.

“ಆರು ತಿಂಗಳ ಬರೇ ಕುಡುಕರನ್ನ ತಂದಿ. ನಮ್ಮ ಮನಿಗಿ ಗಂಡಿನ ಮಾತು ಬಂದ ವಾರಾನ ಈ ಸಾಧು ಎಲ್ಲಿಂದ ಬಂದ?”

ನಾನು ಪತ್ರಿಕೆ ಮಡಚಿದೆ.

“ಬುಧವಾರಕ್ಕೊಮ್ಮೆ ಲಕೋಟಿ ಹಿಡಕೊಂಡು ಬಸ್‌ಸ್ಟ್ಯಾಂಡಿಗಿ ಹೋಗ್ತಿದ್ದಿ. ಕಂಡಕ್ಟರ ನನ್ನ ತವರುಮನಿ ಕಡೆಯಾಂವ. ನಾ ಕೇಳೂದಿಲ್ಲೇನು ಅವನ್ನ?” ಆಯಿ ಮತ್ತೆ ಮೊರ ಎತ್ತಿಕೊಂಡಳು. “ಹೆಣ್ಣ ನೋಡಾಕ ಆ ಮಾಸ್ತರನ್ನ ಕರಕೊಂಡ ಬಾ ಅಂತ ಹೇಳು ನಿಮ್ಮ ಕಾಕಾಗ. ಆದ್ರ ಇವನ್ನೂ ಪೇಪರಿನ್ಯಾಗ ಹಾಕಬ್ಯಾಡ. ಈ ಸಾಧೂನ್ನ ಬಿಟ್ರ ನೀ ಬರದವ್ರು ಒಬ್ಬರೂ ನೆಟ್ಟಗ ಬಾಳೇವು ಮಾಡಿಲ್ಲ.”

“ಹಾಕೂದಿಲ್ಲ ಆಯಿ,” ಎಂದೆ. ಅಂದು ಕೊಟ್ಟ ಮಾತನ್ನು ನಾನು ಮುರಿದಿಲ್ಲ. ಆದ್ದರಿಂದ ಇಲ್ಲಿಯೂ ನಮ್ಮ ಮನೆಯವರ ವಿಷಯ ಇಷ್ಟೇ.